ಕಾಯಿಲೆಗೂ ಲೆಕ್ಕಕ್ಕೂ ಏನು ನಂಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಸಾಂಕ್ರಾಮಿಕ ರೋಗಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಔಷಧಿ, ಪಥ್ಯದ ಪ್ರಶ್ನೆಗಳೇ ಬರುತ್ತವೆ ಅಂದುಕೊಂಡಿದ್ದೆ. ಬಂದದ್ದರಲ್ಲಿ ಲೆಕ್ಕದ ಪ್ರಶ್ನೆಗಳೇ ಜಾಸ್ತಿ. ನನಗೂ ಅದೇ ಬೇಕಿತ್ತು. ಮಲೆನಾಡಿನ ಜಿಲ್ಲೆಯೊಂದರ ರೋಗ ಸರ್ವೇಕ್ಷಣಾ ಘಟಕದಲ್ಲಿ ನಿವೃತ್ತಿಯವರೆಗೂ ಮಾಡಿದ್ದು ಅದನ್ನೇ: ಎಣಿಸುವುದು, ನಕ್ಷೆಯಲ್ಲಿ ಚುಕ್ಕೆ ಇಡುವುದು, ಯಾರಿಂದ ಯಾರಿಗೆ ಬಂತು ಅಂತ ಕೆದಕುವುದು.

ಪ್ರಶ್ನೆ: ಮೇಡಂ, ನನ್ನ ಮಗಳು ಬಿಎಸ್ಸಿಯಲ್ಲಿ ಗಣಿತ ಓದಿದ್ದಾಳೆ. ಈಗ ಎಪಿಡೆಮಿಯಾಲಜಿ (ಕಾಯಿಲೆ ಹೇಗೆ ಹರಡುತ್ತೆ ಅಂತ ತಿಳಿಯುವ ಶಾಸ್ತ್ರ) ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಡಾಕ್ಟರ್ ಆಗದೆ ಕಾಯಿಲೆ ತಡೆಯೋದು ಹೇಗೆ? ಸಮೀಕರಣ ಬರೆದರೆ ಸೊಳ್ಳೆ ಸಾಯುತ್ತಾ?
— ಗೃಹಿಣಿ, ದಾವಣಗೆರೆ

ಸಮೀಕರಣ ಬರೆದರೆ ಸೊಳ್ಳೆ ಸಾಯುವುದಿಲ್ಲ ಅಮ್ಮಾ. ಆದರೆ ಎಲ್ಲಿ ಕೂತ ಸೊಳ್ಳೆಯನ್ನು ಕೊಂದರೆ ಉಪಯೋಗ ಅಂತ ತೋರಿಸಿಕೊಟ್ಟಿದ್ದು ಸಮೀಕರಣವೇ.

ರೊನಾಲ್ಡ್ ರಾಸ್ ಹೆಸರು ನೀವೂ ಶಾಲೆಯಲ್ಲಿ ಓದಿರುತ್ತೀರಿ. ಸೇನೆಯ ವೈದ್ಯ. 1895ರಲ್ಲಿ ಕಾಲರಾ ಕೆಲಸಕ್ಕೆಂದು ಬೆಂಗಳೂರಿಗೂ ಬಂದಿದ್ದವರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡರು, 1902ರಲ್ಲಿ ನೊಬೆಲ್ ಬಂತು. ಪಠ್ಯಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಅವರು ವರ್ಷಗಟ್ಟಲೆ ಕೂತಿದ್ದು ಗಣಿತದ ಮುಂದೆ. ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಿಲ್ಲ, ಒಂದು ಮಟ್ಟಕ್ಕಿಂತ ಕಡಿಮೆ ಮಾಡಿದರೆ ಸಾಕು, ಮಲೇರಿಯಾ ತಾನಾಗಿಯೇ ಕರಗುತ್ತದೆ ಅನ್ನುವುದು ಅವರ ವಾದ. ಜನ ನಂಬಲಿಲ್ಲ. ಲಾಹೋರಿನ ಹತ್ತಿರದ ಮಿಯಾನ್ ಮೀರ್ ದಂಡಿನ ಪ್ರದೇಶದಲ್ಲಿ ಗುಂಡಿ ಮುಚ್ಚಿ, ಮರಿ ಸೊಳ್ಳೆ ಕೊಂದು ನೋಡಿದ್ದರು. ಹೇಳಿಕೊಳ್ಳುವಂಥ ಫಲ ಸಿಕ್ಕಿರಲಿಲ್ಲ. ವಿರೋಧಿಗಳು ಅದನ್ನೇ ಎತ್ತಿ ಆಡಿದರು. ರಾಸ್ ಸಂಖ್ಯೆ ಹಿಡಿದು ಜಗಳಕ್ಕೆ ನಿಂತರು. ಆ ಮನುಷ್ಯ ಜಗಳಕ್ಕೂ ಹಿಂದೆ ಬೀಳುವವರಲ್ಲ.

ಅವರ ಲೆಕ್ಕವನ್ನು 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಎಂಬ ವೈದ್ಯರು ಮುಂದಕ್ಕೆ ಒಯ್ದರು. ಅದನ್ನು ನಿಮ್ಮ ಮಗಳ ಹತ್ತಿರ ಕೂತು ಮಾಡಿ ನೋಡಿ, ಕ್ಯಾಲ್ಕುಲೇಟರ್ ಸಾಕು. ಸೊಳ್ಳೆ ಮಲೇರಿಯಾ ರೋಗಿಯ ರಕ್ತ ಹೀರಿದ ತಕ್ಷಣ ಇನ್ನೊಬ್ಬರಿಗೆ ಕಾಯಿಲೆ ಕೊಡಲಾರದು. ರೋಗಾಣು ಅದರ ಮೈಯೊಳಗೆ ಬಲಿಯಲು ಸುಮಾರು 10 ದಿನ ಬೇಕು. ಅಷ್ಟು ದಿನ ಸೊಳ್ಳೆ ಬದುಕಿರಬೇಕು. ದಿನಕ್ಕೆ 100ರಲ್ಲಿ 90 ಬದುಕುತ್ತವೆ ಅಂತಿಟ್ಟುಕೊಳ್ಳಿ. 10 ದಿನ ಕಳೆದ ಮೇಲೆ ಉಳಿಯುವುದು 35. ದಿನಕ್ಕೆ 80 ಬದುಕಿದರೆ ಕೊನೆಗೆ ಉಳಿಯುವುದು 11. ದಿನಕ್ಕೆ 70 ಆದರೆ ಬರೀ 3!

ಈಗ ಇನ್ನೊಂದು ದಾರಿ ನೋಡಿ. ನೀರಿನಲ್ಲಿರುವ ಮರಿಗಳಲ್ಲಿ ಅರ್ಧವನ್ನು ಕಷ್ಟಪಟ್ಟು ಕೊಂದಿರಿ. ಆಗ 35 ಇದ್ದದ್ದು ಹದಿನೇಳೋ ಹದಿನೆಂಟೋ ಆಗುತ್ತದೆ, ಅಷ್ಟೇ. ಬಲಿತ ಸೊಳ್ಳೆಯ ಆಯಸ್ಸಿಗೆ ಸ್ವಲ್ಪ ಕತ್ತರಿ ಹಾಕಿದರೆ ಸಿಗುವ ಲಾಭ ಅದಕ್ಕಿಂತ ಎಷ್ಟೋ ಜಾಸ್ತಿ. ರಕ್ತ ಕುಡಿದ ಸೊಳ್ಳೆ ಭಾರಕ್ಕೆ ಹಾರಲಾರದೆ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಹಾಗಾಗಿ ಮನೆಯೊಳಗಿನ ಗೋಡೆಗೆ ಡಿಡಿಟಿ. ಹಳಬರಿಗೆ ನೆನಪಿರುತ್ತದೆ, ಪಂಪು ಹೊತ್ತು ಬಂದು ಗೋಡೆಗೆಲ್ಲ ಹೊಡೆದು, ಬಾಗಿಲ ಮೇಲೆ ತಾರೀಖು ಬರೆದು ಹೋಗುತ್ತಿದ್ದರು.

ನಮ್ಮ ದೇಶದಲ್ಲಿ ಈ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ಆಗ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತೆಂಬ ಅಂದಾಜು. 1960ರ ದಶಕದ ಮಧ್ಯಕ್ಕೆ ಅದು ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಆಮೇಲೆ? 1976ರಲ್ಲಿ ಮತ್ತೆ 64 ಲಕ್ಷ. ಡಿಡಿಟಿಗೆ ಜಗ್ಗದ ಸೊಳ್ಳೆ, ಹೊತ್ತಿಗೆ ಸರಿಯಾಗಿ ಬಾರದ ಔಷಧಿ, ಕಾಯಿಲೆ ಹೋಯ್ತಲ್ಲ ಅಂತ ಸಡಿಲ ಬಿಟ್ಟ ಕೆಲಸ. ಲೆಕ್ಕದ ದಾರಿ ಸರಿಯಾಗಿಯೇ ಇತ್ತು. ಅದರೊಳಗೆ ಹಾಕಿದ್ದ ಸಂಖ್ಯೆಗಳು ಬದಲಾಗಿದ್ದವು.

ಮಗಳನ್ನು ಓದಿಸಿ. ಚೆನ್ನೈಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ ಇದೆ, ವಿಚಾರಿಸಿ. ಒಂದು ಷರತ್ತು: ಕಂಪ್ಯೂಟರ್ ಮುಂದೆ ಕೂರುವ ಮೊದಲು ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಮಳೆಗಾಲ ಕಳೆಯಲಿ. ಸಂಖ್ಯೆ ಹುಟ್ಟುವುದು ಅಲ್ಲಿ.

ಪ್ರಶ್ನೆ: ಸಾಂಕ್ರಾಮಿಕ ರೋಗದ ಗಣಿತವೆಲ್ಲ ನಮ್ಮ ಮುಂಬೈಯ ಪ್ಲೇಗಿನಿಂದ ಹುಟ್ಟಿತು ಎಂದು ನಮ್ಮ ಕನ್ನಡ ಸಂಘದಲ್ಲಿ ಒಬ್ಬರು ಭಾಷಣ ಮಾಡಿದರು. ನಿಜವಾ?
— ಓದುಗರು, ಮುಂಬೈ

ಅರ್ಧ ನಿಜ. ಉಳಿದರ್ಧ ಇನ್ನೂ ಸ್ವಾರಸ್ಯವಾಗಿದೆ.

1927ರಲ್ಲಿ ಎಡಿನ್‌ಬರೋದಲ್ಲಿದ್ದ ಇಬ್ಬರು ಒಂದು ಪ್ರಬಂಧ ಬರೆದರು. ಒಬ್ಬರು ಮೆಕೆಂಡ್ರಿಕ್, ನಮ್ಮ ದೇಶದಲ್ಲಿ ವೈದ್ಯರಾಗಿದ್ದವರು, ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಇನ್ನೊಬ್ಬರು ಕೆರ್ಮ್ಯಾಕ್. ರಸಾಯನ ಪ್ರಯೋಗ ಮಾಡುವಾಗ ಸ್ಫೋಟವಾಗಿ ಕಣ್ಣು ಕಳೆದುಕೊಂಡಿದ್ದರು. ಗಣಿತವನ್ನು ತಲೆಯಲ್ಲೇ ಮಾಡುತ್ತಿದ್ದರು. ಊರಿನ ಜನರನ್ನು ಇವರು ಮೂರು ಗುಂಪು ಮಾಡಿದರು: ಇನ್ನೂ ಕಾಯಿಲೆ ತಗುಲದವರು, ತಗುಲಿ ಹರಡುತ್ತಿರುವವರು, ವಾಸಿಯಾಗಿಯೋ ಸತ್ತೋ ಆಟದಿಂದ ಹೊರಗೆ ಹೋದವರು. ಕೋವಿಡ್ ಕಾಲದಲ್ಲಿ ಎಸ್‌ಐಆರ್ ಅಂತ ಕೇಳಿದಿರಲ್ಲ, ಅದು ಇದೇ.

ಅವರು ಬಿಡಿಸಿದ ಒಗಟು ಇದು. ಪಿಡುಗು ನಿಲ್ಲುವುದು ಯಾಕೆ? ತಗುಲಬಹುದಾದವರು ಎಲ್ಲ ಮುಗಿದರು ಅಂತಲೋ, ರೋಗಾಣುವಿನ ಶಕ್ತಿ ಕುಂದಿತು ಅಂತಲೋ ಜನ ಹೇಳುತ್ತಿದ್ದರು. ಎರಡೂ ಬೇಕಿಲ್ಲ ಅಂದರು ಇವರು. ತಗುಲದವರ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗೆ ಬಂದರೆ ಸಾಕು. ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗೂ ಹರಡದ ಸ್ಥಿತಿ ಬರುತ್ತದೆ, ಪಿಡುಗು ಇಳಿಯತೊಡಗುತ್ತದೆ. ಇನ್ನೂ ಎಷ್ಟೋ ಜನ ತಗುಲದೆಯೇ ಉಳಿದಿರುತ್ತಾರೆ.

ಇದನ್ನು ತೋರಿಸಲು ಅವರು 1905ರ ಡಿಸೆಂಬರ್‌ನಿಂದ 1906ರ ಜುಲೈವರೆಗೆ ಬಾಂಬೆಯಲ್ಲಿ ವಾರವಾರ ಪ್ಲೇಗಿನಿಂದ ಸತ್ತವರ ಅಂಕಿ ತೆಗೆದುಕೊಂಡರು. ಚುಕ್ಕೆಗಳ ಮೇಲೆ ಗೆರೆ ಎಷ್ಟು ಚೆನ್ನಾಗಿ ಕೂತಿತೆಂದರೆ ಇವತ್ತಿಗೂ ಪುಸ್ತಕಗಳಲ್ಲಿ ಆ ಚಿತ್ರ ಬರುತ್ತದೆ.

ತೊಂದರೆ ಇರುವುದೇ ಇಲ್ಲಿ. ಗಡ್ಡೆ ಪ್ಲೇಗ್ ಮನುಷ್ಯನಿಂದ ಮನುಷ್ಯನಿಗೆ ಹರಡುವ ಕಾಯಿಲೆಯೇ ಅಲ್ಲ. ಇಲಿ, ಇಲಿಯ ಚಿಗಟ, ಆಮೇಲೆ ಮನುಷ್ಯ. ಅದು ಆ ಲೇಖಕರಿಗೂ ಗೊತ್ತಿತ್ತು, ಬರೆದೂ ಇದ್ದಾರೆ. ಗೆರೆ ಚೆನ್ನಾಗಿ ಕೂತ ಮಾತ್ರಕ್ಕೆ ಲೆಕ್ಕದ ಹಿಂದಿನ ಕಥೆ ನಿಜ ಅಂತಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ. ಸಂಖ್ಯೆ ಆಮೇಲೆ. ಮೊದಲು ಹಾಳೆಯ ಮೇಲೆ ಬಾಣ ಬರೀರಿ, ಯಾವುದರಿಂದ ಯಾವುದಕ್ಕೆ. ಬಾಣ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಪ್ಲೇಗ್‌ಗಿಂತ ಉದಾಹರಣೆ ಬೇಡ. ಬ್ರಿಟಿಷರು ಮನೆಮನೆಗೆ ಸಿಪಾಯಿಗಳನ್ನು ನುಗ್ಗಿಸಿ, ಜನರನ್ನು ಎಳೆದು ಶಿಬಿರಗಳಿಗೆ ಹಾಕಿದರು. ಪುಣೆಯಲ್ಲಿ ಆ ಸಿಟ್ಟು 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯವರೆಗೂ ಹೋಯಿತು. ಅಷ್ಟೆಲ್ಲ ಆಗುವಾಗ ಇಲಿಗಳು ತಮ್ಮ ಪಾಡಿಗೆ ತಾವು ಓಡಾಡಿಕೊಂಡಿದ್ದವು. ಚಿಗಟದ ಪಾತ್ರವನ್ನು ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅದೇ ವರ್ಷ ಪ್ಲೇಗ್ ಬೆಂಗಳೂರಿಗೆ ಬಂತು. ಅಲ್ಲಿ ಪ್ಲೇಗಮ್ಮನ ಗುಡಿಗೆ ಈಗಲೂ ಪೂಜೆ ನಡೆಯುತ್ತದೆ.

ಪ್ರಶ್ನೆ: ನಮ್ಮ ತೋಟದ ಅಂಚಿನಲ್ಲಿ ಮಂಗ ಸತ್ತು ಬಿದ್ದಿತ್ತು. ಆಸ್ಪತ್ರೆಗೆ ಫೋನ್ ಮಾಡಿದೆ. ಬಂದರು, ಜಾಗ ಬರೆದುಕೊಂಡರು, ಮಂಗನನ್ನು ಸುಟ್ಟರು, ಪುಡಿ ಎರಚಿದರು. ನಮ್ಮ ಕೈಗೆ ಒಂದು ಬಾಟಲಿ ಎಣ್ಣೆ ಕೊಟ್ಟು ಹೋದರು. ಕೋವಿಡ್‌ಗೆ ಊರನ್ನೇ ಬಂದ್ ಮಾಡಿದ್ದರು, ಮಂಗನ ಕಾಯಿಲೆಗೆ ಇಷ್ಟೇನಾ? ಇದರಲ್ಲಿ ಲೆಕ್ಕ ಎಲ್ಲಿದೆ?
— ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಫೋನ್ ಮಾಡಿದಿರಲ್ಲ, ಲೆಕ್ಕ ಶುರುವಾಗಿದ್ದೇ ಅಲ್ಲಿಂದ.

ಮತ್ತೆ ಬಾಣಕ್ಕೆ ಬರೋಣ. ಮಂಗನ ಕಾಯಿಲೆ ನಿಮ್ಮಿಂದ ನಿಮ್ಮ ಮನೆಯವರಿಗೆ ಬರುವುದಿಲ್ಲ. ಉಣುಗಿನಿಂದ (ರಕ್ತ ಹೀರುವ ಸಣ್ಣ ಹುಳು, ಉಣ್ಣೆ ಅಂತಲೂ ಅನ್ನುತ್ತಾರೆ) ಮಂಗಕ್ಕೆ, ಇಲಿ ಹೆಗ್ಗಣದಂಥ ಸಣ್ಣ ಪ್ರಾಣಿಗಳಿಗೆ, ಅವುಗಳಿಂದ ತಿರುಗಿ ಉಣುಗಿಗೆ. ಮನುಷ್ಯ ಮಧ್ಯೆ ಸಿಕ್ಕಿಬಿದ್ದವನು, ಅವನಿಂದ ಮುಂದಕ್ಕೆ ಬಾಣವೇ ಇಲ್ಲ. ಹಾಗಾಗಿ ಊರು ಬಂದ್ ಮಾಡಿ ಏನೂ ಪ್ರಯೋಜನವಿಲ್ಲ, ಮಾಸ್ಕ್ ಹಾಕಿಯೂ ಇಲ್ಲ. ಕೋವಿಡ್‌ನ ಲೆಕ್ಕವನ್ನು ಇಲ್ಲಿಗೆ ತಂದರೆ ಪ್ಲೇಗಿನ ಕಥೆಯೇ ಮತ್ತೆ ಆಗುತ್ತದೆ.

ಹಾಗಾದರೆ ಎಲ್ಲಿ ತಡೆಯಬೇಕು? ಉಣುಗು ಮನುಷ್ಯನ ಕಾಲು ಹತ್ತುವ ಜಾಗದಲ್ಲಿ. ಕೊಟ್ಟಿಗೆಗೆ ದರಗು (ಉದುರಿದ ಒಣ ಎಲೆ) ಗುಡಿಸಲು ಹೋದಾಗ, ಸೊಪ್ಪು ಕಡಿಯಲು ಹೋದಾಗ, ಸೌದೆಗೆ ಹೋದಾಗ. ಮಂಗ ಸತ್ತ ಮೇಲೆ ಅದರ ಮೈ ತಣ್ಣಗಾಗುತ್ತದೆ, ಮೈಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ಎಲೆಯಡಿ ಸೇರುತ್ತವೆ. ಆ ಜಾಗಕ್ಕೆ ಪುಡಿ ಎರಚಿದ್ದು ಅದಕ್ಕೇ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಬಲಿತ ಉಣುಗಲ್ಲ, ಅದರ ಮರಿ. ಎಳ್ಳಿಗಿಂತ ಸಣ್ಣದು, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಅವು ಜಾಸ್ತಿ ಇರುವುದು ಮಳೆ ನಿಂತ ಮೇಲೆ, ನವೆಂಬರ್ ಡಿಸೆಂಬರ್‌ನಿಂದ ಮೇವರೆಗೆ. ದರಗು ತರುವ ಕಾಲವೂ ಅದೇ ಅಲ್ವಾ?

ಉಣುಗು ಎಣಿಸುವುದನ್ನು ನೀವು ನೋಡಿರಲಿಕ್ಕಿಲ್ಲ. ಕೋಲಿಗೆ ಬಿಳಿ ಫ್ಲಾನೆಲ್ ಬಟ್ಟೆ ಕಟ್ಟಿ ಕಾಡಿನ ನೆಲದ ಮೇಲೆ ನಿಧಾನವಾಗಿ ಎಳೆಯುತ್ತಾರೆ. ಸ್ವಲ್ಪ ದೂರ ಹೋಗಿ ಬಟ್ಟೆ ತಿರುಗಿಸಿ ನೋಡುತ್ತಾರೆ. ಪ್ರಾಣಿ ಬಂತು ಅಂತ ತಿಳಿದು ಉಣುಗು ಬಟ್ಟೆಗೆ ಹತ್ತಿರುತ್ತದೆ. ಚಿಮಟದಲ್ಲಿ ಒಂದೊಂದಾಗಿ ಹೆಕ್ಕಿ ಸಣ್ಣ ಸೀಸೆಗೆ ಹಾಕಿ, ಜಾಗ, ತಾರೀಖು ಬರೆದು ಲ್ಯಾಬಿಗೆ ಕಳಿಸುತ್ತಾರೆ. ಸೊಂಟ ಬಗ್ಗಿಸಿ ಮಾಡುವ ಬೇಸರದ ಕೆಲಸ. ಟಿವಿಯವರು ಇದನ್ನು ತೋರಿಸುವುದಿಲ್ಲ. ಆದರೆ ಸತ್ತ ಮಂಗದ ಜಾಗ, ಈ ಸೀಸೆ, ಜ್ವರ ಬಂದವರ ಊರು, ಮೂರನ್ನೂ ಒಂದೇ ನಕ್ಷೆಯ ಮೇಲೆ ಇಟ್ಟಾಗ ಕಾಯಿಲೆ ಯಾವ ಕಡೆ ಸರಿಯುತ್ತಿದೆ ಅಂತ ಕಾಣಲು ಶುರುವಾಗುತ್ತದೆ. ಎಷ್ಟೋ ಸಲ ಜನರಿಗೆ ಜ್ವರ ಬರುವ ಮೊದಲೇ ಮಂಗ ಸಾಯುತ್ತದೆ. ಅದಕ್ಕೇ ನಿಮ್ಮ ಫೋನ್‌ಗೆ ಅಷ್ಟು ಬೆಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಕಾಯಿಲೆ ಇದು. ಬಹಳ ವರ್ಷ ನಮ್ಮ ಸೀಮೆಗೇ ಅಂಟಿಕೊಂಡಿತ್ತು. 2012ರಲ್ಲಿ ಬಂಡೀಪುರದಲ್ಲಿ ಕಂಡಿತು, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ. ಕೇಸ್ ಬಂದ ಜಾಗದಿಂದ ಸುತ್ತ 5 ಕಿಲೋಮೀಟರ್ ದೂರಕ್ಕೆ ವೃತ್ತ ಎಳೆದು ಅದರೊಳಗೆ ಲಸಿಕೆ ಕೊಡುವ ಪದ್ಧತಿ ಇತ್ತು. ಕಾಯಿಲೆ ಕಂಪಾಸ್ ಹಿಡಿದು ಬರುವುದಿಲ್ಲವಲ್ಲ! 2020ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ಬೇರೆ ಥರ ನಕ್ಷೆ ಮಾಡಿದರು. ಹಳೆಯ ಕೇಸುಗಳನ್ನು ಕಾಡಿನ ಬಗೆ, ತೋಟ, ದನಗಳ ಸಂಖ್ಯೆ ಇವುಗಳ ಜೊತೆ ತಾಳೆ ನೋಡಿದರು. ಅಪಾಯ ಜಾಸ್ತಿ ಕಂಡದ್ದು ದಟ್ಟ ಕಾಡಿನ ನಡುವಲ್ಲಲ್ಲ. ನಿತ್ಯಹಸಿರು ಕಾಡು, ತೋಟ ಎರಡೂ ಬೆರೆತ ಕಡೆ, ನಾಟಿ ದನ ಹೆಚ್ಚಿರುವ ಕಡೆ. ಅಂದರೆ ನಿಮ್ಮ ಮನೆಯ ಹಿಂದೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯನ್ನು ಎಲ್ಲಿ ಮೊದಲು ಹಂಚಬೇಕು, ಯಾವ ಊರಿಗೆ ಜನ ಕಳಿಸಬೇಕು ಅಂತ ನಿರ್ಧರಿಸಲು ಇಂಥ ನಕ್ಷೆ ಬೇಕು, ಯಾಕೆಂದರೆ ನಮ್ಮಲ್ಲಿ ಎಣ್ಣೆಯೂ ಕಡಿಮೆ, ಜನರೂ ಕಡಿಮೆ.

ಲಸಿಕೆ ಎಲ್ಲಿ ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಹಳೆಯ ಲಸಿಕೆಯ ಫಲವನ್ನು 2005ರಿಂದ 2010ರವರೆಗಿನ ಅಂಕಿಗಳಿಂದ ಲೆಕ್ಕ ಹಾಕಿದಾಗ ಒಂದು ಡೋಸ್‌ನಿಂದ ರಕ್ಷಣೆಯೇ ಕಾಣಲಿಲ್ಲ. ಎರಡು ಡೋಸ್‌ಗೆ ಶೇ. 62, ಬೂಸ್ಟರ್ ಸೇರಿದರೆ ಶೇ. 83. ಒಂದೇ ಸಲ ಚುಚ್ಚಿಸಿಕೊಂಡು ಕೈ ನೋವು ಅಂತ ಎರಡನೆಯದಕ್ಕೆ ಬಾರದವರು ಎಷ್ಟೊಂದು ಜನ ಇದ್ದರು! 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಹಾಗಾಗಿ ಈಗ ಆ ಡೇಪಾ ಎಣ್ಣೆ, ಮೈತುಂಬ ಬಟ್ಟೆ, ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪು. ಜ್ವರ ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಕೋವಿಡ್ ಸಮಯದಲ್ಲಿ ದಿನಕ್ಕೊಬ್ಬ ಪ್ರೊಫೆಸರ್ ಟಿವಿಗೆ ಬಂದು ಅಲೆ ಯಾವಾಗ ಏಳುತ್ತೆ, ಯಾವಾಗ ಬೀಳುತ್ತೆ ಅಂತ ಹೇಳುತ್ತಿದ್ದರು. ಎಷ್ಟೋ ಸುಳ್ಳಾಯಿತು. ಕವಡೆ ಹಾಕೋದಕ್ಕೂ ಇದಕ್ಕೂ ವ್ಯತ್ಯಾಸ ಏನು?
— ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ

ಕವಡೆ ಯಾವತ್ತೂ ಸುಳ್ಳಾಗುವುದಿಲ್ಲ ಸ್ವಾಮಿ, ಅದೇ ಅದರ ತೊಂದರೆ. ಲೆಕ್ಕ ಸುಳ್ಳಾದರೆ ಎಲ್ಲಿ ಸುಳ್ಳಾಯಿತು ಅಂತ ಬೆರಳಿಟ್ಟು ತೋರಿಸಬಹುದು.

ನಿಮ್ಮ ಸಿಟ್ಟಿಗೆ ಕಾರಣ ಇದೆ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯೊಂದು, ಸೆಪ್ಟೆಂಬರ್‌ನಲ್ಲೇ ಶಿಖರ ದಾಟಿತು, ಎಚ್ಚರ ತಪ್ಪದಿದ್ದರೆ 2021ರ ಫೆಬ್ರವರಿ ಹೊತ್ತಿಗೆ ಪಿಡುಗು ತೀರಾ ಇಳಿಯುತ್ತದೆ ಎಂದಿತು. ಏಪ್ರಿಲ್‌ನಲ್ಲಿ ಏನಾಯಿತು ಅಂತ ನಾನು ಹೇಳಬೇಕಿಲ್ಲ. "ಎಚ್ಚರ ತಪ್ಪದಿದ್ದರೆ" ಅನ್ನುವುದು ಟಿವಿಯ ಕೆಳಗೆ ಓಡುವ ಸಾಲಿನಲ್ಲಿ ಹಿಡಿಸಲಿಲ್ಲ. ಹೊಸ ರೂಪದ ವೈರಸ್ ಬರಬಹುದು ಅನ್ನುವುದಕ್ಕೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಸುಮ್ನೆ ಒಂದು ಲೆಕ್ಕ ನೋಡಿ. ಇವತ್ತು 100 ರೋಗಿಗಳು. ಒಬ್ಬರಿಂದ ಸರಾಸರಿ 1.2 ಜನಕ್ಕೆ ಹರಡಿದರೆ ಹತ್ತನೇ ಸುತ್ತಿಗೆ 619 ಜನ. 0.9ಕ್ಕೆ ಹರಡಿದರೆ 35. ನಿಮ್ಮ ಚಕ್ರಬಡ್ಡಿ ಲೆಕ್ಕವೇ ಇದು. 1.2 ಮತ್ತು 0.9ರ ನಡುವಿನ ವ್ಯತ್ಯಾಸ ಬರುವುದು ಜನ ಮದುವೆಗೆ ಹೋದರೋ ಇಲ್ಲವೋ, ಕಿಟಕಿ ತೆಗೆದಿಟ್ಟರೋ ಇಲ್ಲವೋ ಅನ್ನುವುದರಿಂದ. ಆರು ತಿಂಗಳ ಆಚೆ ಜನ ಏನು ಮಾಡುತ್ತಾರೆ ಅಂತ ಯಾವ ಪ್ರೊಫೆಸರ್‌ಗೂ ಗೊತ್ತಿರುವುದಿಲ್ಲ. ಹಾಗಾಗಿ ತಾರೀಖು ಹೇಳುವವರನ್ನು ಕಂಡರೆ ನನಗೂ ಆಗುವುದಿಲ್ಲ.

ಆದರೆ "ಹೀಗೆ ಮಾಡಿದರೆ ಏನು, ಹಾಗೆ ಮಾಡಿದರೆ ಏನು" ಎಂಬ ಪ್ರಶ್ನೆ ಬೇರೆ. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರು ಮುಂಬೈಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಜೊತೆ ಸೇರಿ ಕಂಪ್ಯೂಟರ್‌ನೊಳಗೆ ಒಂದು ಬೆಂಗಳೂರನ್ನೇ ಕಟ್ಟಿದರು. ಮನೆ, ಶಾಲೆ, ಆಫೀಸು, ಓಡಾಟ ಎಲ್ಲ ಇರುವ ಊರು. ಆಫೀಸು ಅರ್ಧ ತೆರೆದರೆ ಏನಾಗುತ್ತದೆ, ಪೂರ್ತಿ ತೆರೆದರೆ ಏನಾಗುತ್ತದೆ ಅಂತ ನಿಜವಾದ ಜನರ ಮೇಲೆ ಪ್ರಯೋಗ ಮಾಡದೆ ನೋಡಲು.

ಅದಕ್ಕಿಂತ ನನಗೆ ದೊಡ್ಡದು ಅನ್ನಿಸಿದ್ದು ನಮ್ಮ ರಾಜ್ಯದ ಸಮೀಕ್ಷೆ. 2020ರ ಸೆಪ್ಟೆಂಬರ್‌ನಲ್ಲಿ ಜಿಲ್ಲೆಜಿಲ್ಲೆಗಳಲ್ಲಿ ರಕ್ತ ಪರೀಕ್ಷೆ ಮಾಡಿ ನೋಡಿದಾಗ ಶೇ. 27.3 ಜನಕ್ಕೆ ಅಷ್ಟೊತ್ತಿಗೇ ಸೋಂಕು ತಗುಲಿತ್ತು ಎಂದು ಗೊತ್ತಾಯಿತು. 7.07 ಕೋಟಿ ಜನರಲ್ಲಿ ಸುಮಾರು 1.93 ಕೋಟಿ. ಸರ್ಕಾರಿ ಪಟ್ಟಿಯಲ್ಲಿದ್ದ ಕೇಸುಗಳು ಸುಮಾರು 5 ಲಕ್ಷ. ಪಟ್ಟಿಯಲ್ಲಿ ಒಬ್ಬರಿದ್ದರೆ ಊರಿನಲ್ಲಿ 40 ಮಂದಿ. ಇದನ್ನು ಹೇಳಿದ್ದು ಸಮೀಕರಣವಲ್ಲ, ಸೂಜಿ ಹಿಡಿದು ಊರೂರು ತಿರುಗಿದ ಲ್ಯಾಬ್ ಟೆಕ್ನಿಷಿಯನ್‌ಗಳು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನನ್ನ ಏರಿಯಾದಲ್ಲಿ 100ಕ್ಕೆ 90 ಮಕ್ಕಳಿಗೆ ದಡಾರ ಲಸಿಕೆ ಆಗಿದೆ. ಆದರೂ ಮೀಟಿಂಗ್‌ನಲ್ಲಿ ಬೈಸಿಕೊಳ್ಳುತ್ತೇನೆ. 90 ಸಾಲದಾ?
— ಮಂಡ್ಯ ಜಿಲ್ಲೆ

ಬೈದದ್ದು ತಪ್ಪು ತಂಗಿ. ಸಾಲದು ಅನ್ನುವುದು ಮಾತ್ರ ನಿಜ.

ದಡಾರದಷ್ಟು ಬೇಗ ಹರಡುವ ಕಾಯಿಲೆ ಕಡಿಮೆ. ಯಾರಿಗೂ ಲಸಿಕೆ ಆಗದ ಊರಲ್ಲಿ ಒಂದು ಮಗುವಿನಿಂದ 12ರಿಂದ 18 ಮಕ್ಕಳಿಗೆ ಹರಡುತ್ತದೆ. 15 ಅಂತಿಟ್ಟುಕೊಳ್ಳಿ. ಆ 15ರಲ್ಲಿ 14 ಮಕ್ಕಳಿಗೆ ಮೊದಲೇ ರಕ್ಷಣೆ ಇದ್ದರೆ ಹರಡುವುದು ಒಬ್ಬರಿಗೆ ಮಾತ್ರ. 15ರಲ್ಲಿ 14 ಅಂದರೆ ಶೇ. 93. ಜೊತೆಗೆ, 9 ತಿಂಗಳಿಗೆ ಕೊಡುವ ಮೊದಲ ಡೋಸ್ ಸುಮಾರು ಶೇ. 85 ಮಕ್ಕಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ನಿಮ್ಮ 90ರಲ್ಲಿ ನಿಜವಾಗಿ ರಕ್ಷಣೆ ಸಿಕ್ಕಿರುವುದು ಎಪ್ಪತ್ತಾರು ಎಪ್ಪತ್ತೇಳು ಮಕ್ಕಳಿಗೆ. ಎರಡನೇ ಡೋಸ್ ಅದಕ್ಕೇ.

ಉಳಿದ 10 ಮಕ್ಕಳು ಎಲ್ಲಿದ್ದಾರೆ ನೋಡಿ. ಊರ ತುಂಬ ಚದುರಿದ್ದರೆ ಅಷ್ಟು ಭಯವಿಲ್ಲ. ಹತ್ತೂ ಮಕ್ಕಳು ಕಬ್ಬು ಕಡಿಯಲು ಬಂದವರ ಗುಡಿಸಲುಗಳಲ್ಲೇ ಇದ್ದರೆ ಅಲ್ಲಿ ನಿಮ್ಮ 90 ಯಾವ ಕೆಲಸಕ್ಕೂ ಬರುವುದಿಲ್ಲ. ಮುಂದಿನ ಮೀಟಿಂಗ್‌ನಲ್ಲಿ ನೀವೇ ಎದ್ದು ನಿಂತು ಇದನ್ನು ಹೇಳಿ, ಆ ಗುಡಿಸಲುಗಳಿಗೆ ಒಂದು ಸಂಜೆ ಲಸಿಕೆ ಕ್ಯಾಂಪ್ ಕೇಳಿ. ಹಗಲು ಅವರು ಗದ್ದೆಯಲ್ಲಿರುತ್ತಾರೆ.

ಪ್ರಶ್ನೆ: ವಾರವಾರ ಉಪಕೇಂದ್ರದಿಂದ ವರದಿ ಹಾಕಬೇಕು. ಒಂದೂ ಕೇಸ್ ಇಲ್ಲದಿದ್ದರೂ ಹಾಕಲೇಬೇಕಾ? ನಮ್ಮಲ್ಲಿ ನೆಟ್‌ವರ್ಕ್ ಬೇರೆ ಇರಲ್ಲ.
— ಆರೋಗ್ಯ ಸಹಾಯಕಿ, ಉತ್ತರ ಕನ್ನಡ

ಹಾಕಲೇಬೇಕು. ಸೊನ್ನೆ ಬೇರೆ, ಖಾಲಿ ಬೇರೆ. ಸೊನ್ನೆ ಅಂದರೆ ನೀವು ಹೋಗಿ ನೋಡಿದಿರಿ, ವಾಂತಿ ಭೇದಿ ಯಾರಿಗೂ ಇರಲಿಲ್ಲ. ಖಾಲಿ ಅಂದರೆ ನೀವು ರಜೆಯಲ್ಲಿದ್ದಿರೋ, ಊರಿಗೆ ಊರೇ ಮಲಗಿದೆಯೋ ಜಿಲ್ಲೆಯಲ್ಲಿ ಕೂತವರಿಗೆ ತಿಳಿಯದು. ಕಂಪ್ಯೂಟರ್‌ಗಂತೂ ಮೊದಲೇ ತಿಳಿಯದು. ಕೆಲವು ಕಡೆ ಖಾಲಿಯನ್ನೇ ಸೊನ್ನೆ ಅಂತ ಸೇರಿಸಿ ಕೂಡಿಬಿಡುತ್ತಾರೆ. ಆಗ ಕಾಯಿಲೆ ಏಳುವ ವಾರದಲ್ಲೇ ಗ್ರಾಫ್ ಕೆಳಗೆ ಇಳಿದಂತೆ ಕಾಣುತ್ತದೆ.

ನೆಟ್‌ವರ್ಕ್ ಇಲ್ಲದ ದಿನ ಗುಡ್ಡ ಹತ್ತಿ ಅನ್ನುವುದಿಲ್ಲ. ಪುಸ್ತಕದಲ್ಲಿ ಬರೆದಿಡಿ, ಸಿಗ್ನಲ್ ಸಿಕ್ಕಾಗ ಹಾಕಿ. ಮಾತ್ರ, ಜ್ವರ ಶುರುವಾದ ದಿನದ ತಾರೀಖನ್ನೇ ಹಾಕಿ, ನೀವು ಅಪ್‌ಲೋಡ್ ಮಾಡಿದ ದಿನದ್ದಲ್ಲ.